ಹಿಂದಿನಿಂದ ಬಂದ ಕೂಗು

"ಗುರುಗಳೇ, ಹೊರಟವನು ಹಿಂದಿರುಗಿ ನೋಡಬಾರದು ಎನ್ನುತ್ತಾರೆ. ಮನೆ ಬಿಟ್ಟ ದಿನದಿಂದ ನಾನು ಒಂದು ಸಲವೂ ನೋಡಿಲ್ಲ. ಉಪವಾಸ ಮಾಡಿದೆ, ಮೌನ ಹಿಡಿದೆ, ನೀವು ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಆದರೂ ಏನೂ ದಕ್ಕಲಿಲ್ಲ. ಇನ್ನೂ ಏನನ್ನು ಬಿಡಬೇಕು?" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಬಿಡುವುದರಲ್ಲಿ ನೀನು ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಕೂತುಕೋ," ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ತಮ್ಮ ರಾಜಧಾನಿಗೆ ಹೋಗಿ, ಅಲ್ಲಿ ಬಣ್ಣಗಾರರ ಓಣಿಯಲ್ಲಿ ಸಂಸಾರ ಹೂಡಿದ್ದ. ಆ ತಮ್ಮನಿಗೆ ಕಾಮಾಲೆ ಹತ್ತಿತು. ಕಣ್ಣು ಹಳದಿಯಾಯಿತು, ಅನ್ನ ಸೇರದಾಯಿತು. ಪಟ್ಟಣದ ವೈದ್ಯರು ಕೈಚೆಲ್ಲಿದರೆಂದು ಸುದ್ದಿ ಬಂತು. ನೇಕಾರನಿಗೆ ತಮ್ಮನೆಂದರೆ ಪ್ರಾಣ. ತಾಯಿ ಸತ್ತ ಮೇಲೆ ಅವನನ್ನು ಮಗ್ಗದ ಪಕ್ಕದಲ್ಲೇ ಮಲಗಿಸಿಕೊಂಡು, ಉಣಿಸಿ, ಬೆಳೆಸಿದವನು ಇವನೇ.

ಊರಿನಲ್ಲಿ ಕಾಮಾಲೆಗೆ ಬೇರು ಕೊಡುವ ಒಬ್ಬ ಮುದುಕನಿದ್ದ. ಅವನು ಸಂಜೆ ಬೇರು ಅಗೆದು ತಂದು ನೇಕಾರನ ಕೈಯಲ್ಲಿಟ್ಟ. "ನಾಳೆ ದೀಪ ಹಚ್ಚೋದ್ರೊಳಗೆ ಇದು ನಿನ್ನ ತಮ್ಮನ ಹೊಟ್ಟೆ ಸೇರಬೇಕು. ಆಮ್ಯಾಕೆ ಇದು ಬರೀ ಸೌದೆ. ಒಬ್ಬನೇ ನಡ್ಕೊಂಡು ಹೋಗು. ಹೊರಟ ಮ್ಯಾಕೆ ನೆಲಕ್ಕೆ ಇಡಬೇಡ, ಬಾಯಿಗೆ ಏನೂ ಹಾಕಬೇಡ, ಯಾರ ತಾವೂ ಮಾತಾಡಬೇಡ," ಎಂದ.

ಹಿಂದಿನಿಂದ ಯಾರಾದರೂ ಕೂಗಿದರೆ ತಿರುಗಬಾರದು ಎಂಬುದನ್ನು ಮುದುಕ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಿಂದಿನಿಂದ ಬಂದ ಕೂಗಿಗೆ ಹೊರಟವರು ತಿರುಗಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಆ ಸೀಮೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು.

ನೇಕಾರ ಬೇರನ್ನು ಎಲೆಯಲ್ಲಿ ಸುತ್ತಿ, ತಾನೇ ನೇಯ್ದ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ, ಗೋಡೆಯ ಗೂಟಕ್ಕೆ ನೇತುಹಾಕಿದ. ಬುತ್ತಿ ಬೇಡವೆಂದು ಹೆಂಡತಿಗೆ ಹೇಳಿ ಮಲಗಿಬಿಟ್ಟ. ಅವಳಿಗೆ ಮನಸ್ಸು ತಡೆಯಲಿಲ್ಲ. ಬೇರು ಕೊಟ್ಟಾದ ಮೇಲಾದರೂ ತಿನ್ನಲಿ ಎಂದು ರೊಟ್ಟಿ ತಟ್ಟಿ, ಎಲೆಯಲ್ಲಿ ಸುತ್ತಿ, ಅದೇ ಬಟ್ಟೆಯ ಇನ್ನೊಂದು ತುಂಡಿನಲ್ಲಿ ಕಟ್ಟಿ, ಅದೇ ಗೂಟಕ್ಕೆ ಹಾಕಿದಳು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಳು.

ಕೋಳಿ ಕೂಗುವ ಮೊದಲೇ ನೇಕಾರ ಎದ್ದ. ತೊಟ್ಟಿಲ ಕೂಸು ಎದ್ದೀತೆಂದು ದೀಪ ಹಚ್ಚಲಿಲ್ಲ. ಕತ್ತಲಲ್ಲೇ ಗೂಟ ತಡಕಿ, ಕೈಗೆ ಸಿಕ್ಕ ಗಂಟನ್ನು ಹೆಗಲಿಗೇರಿಸಿ ಹೊರಟ. ಗೂಟದಲ್ಲಿ ಎರಡು ಗಂಟು ಇರಬಹುದೆಂದು ಅವನಿಗೆ ಹೊಳೆಯುವುದಾದರೂ ಹೇಗೆ? ಅವನು ಹೊತ್ತದ್ದು ರೊಟ್ಟಿಯ ಗಂಟು. ಬೇರು ಗೋಡೆಯಲ್ಲೇ ಉಳಿಯಿತು.

ಊರಾಚೆಯ ಹಳ್ಳಕ್ಕೆ ಇಳಿಯುವಾಗ ಹಿಂದಿನಿಂದ ಕೂಗು ಕೇಳಿಸಿತು. "ಇವ್ರೇ! ನಿಂತ್ಕಳಿ!" ಹೆಂಡತಿಯ ದನಿ. ಗಂಡನ ಹೆಸರು ಹಿಡಿದು ಕೂಗುವ ಹಾಗಿಲ್ಲ, ಪಾಪ, ಅವಳ ಬಾಯಿಗೆ ಬಂದದ್ದು ಅಷ್ಟೇ. ನೇಕಾರನಿಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಿನಲ್ಲಿ ಹಿಂದಿನಿಂದ ಕೂಗುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದುಕೊಂಡ. ತಿರುಗಿದರೆ ತಮ್ಮ ಉಳಿಯುವುದಿಲ್ಲ. ಅವನು ಹೆಜ್ಜೆ ಬಿರುಸು ಮಾಡಿದ. ಇನ್ನೊಂದು ಕೂಗು ಬಂತು. ಅದರ ಹಿಂದೆ ಮತ್ತೊಂದು, ಈ ಸಲ ಹತ್ತಿರದಿಂದ. ಅವನು ರುಮಾಲನ್ನು ಕಿವಿಯ ಮೇಲೆ ಎಳೆದುಕೊಂಡು ಓಡಿದ. ಅವಳು ಆಮೇಲೆ ಕೂಗಿ ಹೇಳಿದ್ದು ಹಳ್ಳದ ನೀರಿನ ಸದ್ದಿನಲ್ಲಿ ಹೋಯಿತು.

ಮುಂದಿನ ದಾರಿಯನ್ನು ಅವನು ಹೇಗೆ ನಡೆದನೆಂದು ಕೇಳಬೇಡ. ಕೂತು ನೇಯುವವನಿಗೆ ನಡೆದು ಅಭ್ಯಾಸವಿಲ್ಲ. ಬೆಳಕು ಹರಿಯುವಷ್ಟರಲ್ಲಿ ಹಿಮ್ಮಡಿ ಒಡೆದು ರಕ್ತ ಬಂತು. ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದನೇ ಹೊರತು ನೆಲಕ್ಕೆ ಇಡಲಿಲ್ಲ. ಕೂತರೆ ಏಳಲಾರೆನೆಂಬ ಭಯಕ್ಕೆ ಎಲ್ಲಿಯೂ ಕೂರಲಿಲ್ಲ. ಜೊತೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ದಾರಿಯಲ್ಲಿ ಒಬ್ಬ ಗಾಡಿಯವನು ಎತ್ತು ನಿಲ್ಲಿಸಿ, "ಎಲ್ಲಿಗಣ್ಣ? ಪಟ್ಟಣಕ್ಕಾದ್ರೆ ಹತ್ಕೋ, ಗಾಡಿ ಖಾಲಿ ಐತೆ," ಎಂದ. ನೇಕಾರ ಬೇಡವೆಂದು ತಲೆಯಾಡಿಸಿ ಮುಂದೆ ಹೋದ. ಗಾಡಿಯವನು ಅವನ ಕಾಲು ನೋಡಿ, "ಮೂಗ ಅಂತ ಕಾಣ್ತದೆ, ಪಾಪ," ಎಂದು ಎತ್ತು ಹೊಡೆದ. ಇನ್ನೊಂದು ಊರಿನ ಬಳಿ ಒಂದು ನಾಯಿ ಗಂಟಿನ ವಾಸನೆ ಹಿಡಿದು ಬಹಳ ದೂರ ಹಿಂಬಾಲಿಸಿತು. ಮೂಕ ಪ್ರಾಣಿಗೂ ಈ ಬೇರಿನ ಮಹಿಮೆ ತಿಳಿಯಿತಲ್ಲ ಎಂದು ನೇಕಾರನಿಗೆ ಧೈರ್ಯ ಬಂತು. ನೋಡು, ನಂಬಿಕೆ ಎಂದರೆ ಹೀಗಿರುತ್ತದೆ. ಹೊತ್ತು ಏರಿದ ಮೇಲೆ ಹಸಿವಿನಿಂದ ಕಣ್ಣಿಗೆ ಕತ್ತಲೆ ಬಂತು. ರೊಟ್ಟಿ ಅವನ ಹೆಗಲ ಮೇಲೆಯೇ ಇತ್ತು.

ಇಷ್ಟರ ನಡುವೆ ಅವನಿಗೆ ಒಂದೇ ಸಮಾಧಾನ. ತಾನು ಏನನ್ನೂ ತಪ್ಪಿಸಲಿಲ್ಲ. ಮಾತಾಡಲಿಲ್ಲ, ತಿನ್ನಲಿಲ್ಲ, ತಿರುಗಲಿಲ್ಲ. ಹೆಂಡತಿಯೇ ಕೂಗಿದರೂ ತಿರುಗಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ಕಾಲಿಗೆ ಸ್ವಲ್ಪ ಬಲ ಬರುತ್ತಿತ್ತು.

ಹೊತ್ತು ಇಳಿಯುವಾಗ ಅವನು ಪಟ್ಟಣ ಹೊಕ್ಕ. ಅಷ್ಟು ದೊಡ್ಡ ಪಟ್ಟಣದಲ್ಲಿ ದಾರಿ ಕೇಳಲು ಬಾಯಿ ತೆರೆಯುವಂತಿಲ್ಲ. ಬಣ್ಣದ ನೀರು ಹರಿಯುವ ಚರಂಡಿ ಹುಡುಕಿ, ಅದರ ಗುಂಟ ನಡೆದು ಬಣ್ಣಗಾರರ ಓಣಿ ಸೇರಿದ. ತಮ್ಮನ ಮನೆಯ ಬಾಗಿಲಲ್ಲಿ ಕುಸಿದ. ಕುಸಿದರೂ ಗಂಟನ್ನು ಮೇಲಕ್ಕೆ ಎತ್ತಿ ಹಿಡಿದೇ ಇದ್ದ.

ತಮ್ಮನಿಗೆ ಇನ್ನೂ ಉಸಿರಿತ್ತು. ತಮ್ಮನ ಹೆಂಡತಿ ಎರಡೂ ಕೈಯಲ್ಲಿ ಗಂಟು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬಿಚ್ಚಿದಳು. ಒಳಗೆ ರೊಟ್ಟಿ ಇತ್ತು. ಪಕ್ಕದಲ್ಲಿ ಒಂದು ಚೂರು ಬೆಲ್ಲ.

ಹಾಸಿಗೆಯಲ್ಲಿದ್ದ ತಮ್ಮ ಕಣ್ಣು ತೆರೆದು ನೋಡಿದ. "ಅತ್ತಿಗೆ ಮಾಡಿದ್ದಾ? ಒಂದು ಚೂರು ಕೊಡಣ್ಣ," ಎಂದ. ನೇಕಾರ ಮುರಿದು ಅವನ ಬಾಯಿಗಿಟ್ಟ. ತಮ್ಮನಿಗೆ ನುಂಗಲಾಗಲಿಲ್ಲ. ಆದರೂ ಅಣ್ಣನಿಗೆ ಬೇಸರವಾದೀತೆಂದು ಉಗುಳಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಮಣ್ಣು ಮುಗಿಸಿಕೊಂಡು ನೇಕಾರ ಊರಿಗೆ ಬಂದಾಗ ಹೆಂಡತಿ ಹೊಸ್ತಿಲಲ್ಲಿ ಕೂತಿದ್ದಳು. ಬೇರಿನ ಗಂಟು ಮಡಿಲಲ್ಲಿತ್ತು. ಅದು ಒಣಗಿ ಎಷ್ಟೋ ಹೊತ್ತಾಗಿತ್ತು, ಆದರೂ ನೆಲಕ್ಕೆ ಇಡಲು ಅವಳಿಗೆ ಧೈರ್ಯವಾಗಿರಲಿಲ್ಲ. ಗಂಡನ ಬೋಳಿಸಿದ ತಲೆ ನೋಡಿ ಅವಳಿಗೆ ಎಲ್ಲ ತಿಳಿಯಿತು.

"ತೊಟ್ಟಿಲ ಕೂಸು ಬಿಟ್ಟು ಹಳ್ಳದ ತನಕ ಓಡಿ ಬಂದೆ. ಗಂಟಲು ಹರಿಯೋ ಹಂಗೆ ಕೂಗಿದೆ. ನಿಮಗೆ ಕೇಳಿಸ್ಲೇ ಇಲ್ವಾ?" ಎಂದಳು.

ನೇಕಾರ ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಇಬ್ಬರಿಗೂ ಬದುಕು ಸ್ವಲ್ಪ ಸುಲಭವಾಗುತ್ತಿತ್ತೇನೋ.

"ಕೇಳಿಸ್ತು," ಎಂದ.

ಕತೆ ಅಲ್ಲಿಗೆ ನಿಂತಿತು. ಚೆನ್ನವೀರನಿಗೆ ಆ ನೇಕಾರನ ಮೇಲೆ ಸಿಟ್ಟು ಬಂದಿತ್ತು. "ಎಂಥ ಕಲ್ಲೆದೆಯವನು ಗುರುಗಳೇ! ಅಷ್ಟು ಕೂಗಿದರೂ ಒಂದು ಗಳಿಗೆ ನಿಲ್ಲಬಾರದಿತ್ತೇ? ಯಾಕೆ ಕೂಗಿದಳೆಂದು ಕೇಳಬಾರದಿತ್ತೇ?" ಎಂದ.

ಗುರುಗಳು ಎದ್ದು ನಿಂತರು.

"ನೀನು ಮನೆ ಬಿಟ್ಟ ದಿನ ಹಿಂದಿನಿಂದ ಕೂಗಿದವರು ಯಾರು, ಚೆನ್ನವೀರ?"