ಏಳನೆಯ ಗುಳಿ

"ಗುರುಗಳೇ, ಒಂದು ಗುಣದಲ್ಲಿ ಒಬ್ಬರು ಮುಂದು, ಇನ್ನೊಂದರಲ್ಲಿ ಇನ್ನೊಬ್ಬರು ಮುಂದು. ಹೀಗಿರುವಾಗ ಇಬ್ಬರಲ್ಲಿ ಯಾರು ಮೇಲು ಎಂದು ತೀರ್ಮಾನಿಸುವುದು ಹೇಗೆ?"

ಕೇಳಿದವನು ಶಿಷ್ಯ ಮರುಳಯ್ಯ. ಮಠದ ಪಾಠಶಾಲೆಯ ಹೊಣೆ ಅವನದು. ಮಕ್ಕಳಿಗೆ ಪಾಠ ಹೇಳುವ ಕೆಲಸ ಕೇಳಿಕೊಂಡು ಇಬ್ಬರು ಬಂದಿದ್ದರು. ನಾಳೆ ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಕಳಿಸಿಕೊಡಬೇಕಿತ್ತು. ಮರುಳಯ್ಯನ ಕೈಯಲ್ಲಿ ಒಂದು ಹಾಳೆಯಿತ್ತು. ವಿದ್ಯೆ, ಕಂಠ, ಬರವಣಿಗೆ, ಅನುಭವ, ಶಿಸ್ತು ಎಂದು ಸಾಲಾಗಿ ಬರೆದು ಒಂದೊಂದಕ್ಕೂ ಅಂಕ ಕೊಟ್ಟಿದ್ದ.

"ಕೂಡಿಸಿ ನೋಡಿದರೆ ಮೊದಲು ಬಂದವರೇ ಬಹಳ ಮುಂದಿದ್ದಾರೆ. ಆದರೂ ಮನಸ್ಸು ಯಾಕೋ ಅಳುಕುತ್ತಿದೆ," ಎಂದ.

ಗುರುಗಳು ಹಾಳೆಯನ್ನು ಮುಟ್ಟಲಿಲ್ಲ.

"ಕೂಡಿಸುವುದು ನಿನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ ಮರುಳಯ್ಯ. ಕುಳಿತುಕೋ," ಎಂದು ಹೇಳತೊಡಗಿದರು.

ಒಬ್ಬ ಅಕ್ಕಸಾಲಿಗನಿದ್ದ. ಕಸುಬಿನಲ್ಲಿ ಗಟ್ಟಿಗ. ಯಾವುದನ್ನೇ ಆಗಲಿ ತೂಗದೆ ಒಪ್ಪುವವನಲ್ಲ. ಮದುವೆ ಮನೆಗೆ ಹೋದರೆ ಪಾಯಸವನ್ನೂ ಗುಲಗಂಜಿ ಹಾಕಿ ತೂಗುತ್ತಾನೆ ಎಂದು ಊರವರು ಚುಡಾಯಿಸುತ್ತಿದ್ದರು. ಅವನಿಗೆ ಒಬ್ಬಳೇ ಮಗಳು. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಅವಳಿಗೆ ಏಳು ತಿಂಗಳು ತುಂಬಿದಾಗ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಗಾಡಿ ಕಟ್ಟಿಕೊಂಡು ಹೋದ. ಹೋಗುವಾಗ ಹೊಳೆ ದಾಟಿಯೇ ಹೋದ. ನೀರು ಎತ್ತಿನ ಮೊಣಕಾಲನ್ನೂ ಮುಟ್ಟಲಿಲ್ಲ.

ತವರಿಗೆ ಬರಲು ಎರಡು ದಾರಿಗಳಿದ್ದವು. ಹೊಳೆಯ ದಾರಿ ಎರಡು ದಿನದ್ದು. ಗುಡ್ಡ ಸುತ್ತಿ ಬರುವ ದಾರಿ ಐದು ದಿನದ್ದು, ಉದ್ದಕ್ಕೂ ಕಲ್ಲು. ತುಂಬಿದ ಬಸುರಿಯನ್ನು ಯಾವ ದಾರಿಯಲ್ಲಿ ಕರೆದೊಯ್ಯಬೇಕು? ಅಕ್ಕಸಾಲಿಗ ಯೋಚಿಸಿದ. ಅವನಿಗೆ ಮಗಳೆಂದರೆ ಪ್ರಾಣ. ಅವಸರದಲ್ಲಿ ತಪ್ಪಾಗಬಾರದು ಎಂದುಕೊಂಡ.

ಜಗಲಿಯ ಮೇಲೆ ಮಗಳ ಅಳಗುಳಿ ಮಣೆ ಇತ್ತು. ಅವಳು ತವರಿನಿಂದ ತಂದದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ. ಅಕ್ಕಸಾಲಿಗ ಅದನ್ನು ಮುಂದಿಟ್ಟುಕೊಂಡು ಸೊಂಟದ ಚೀಲದಿಂದ ಗುಲಗಂಜಿ ತೆಗೆದ. ಒಂದು ಸಾಲು ಹೊಳೆಯ ದಾರಿಗೆ, ಇನ್ನೊಂದು ಗುಡ್ಡದ ದಾರಿಗೆ ಎಂದ. ಮೊದಲ ಗುಳಿ ದೂರಕ್ಕೆ, ಎರಡನೆಯದು ಗಾಡಿ ಕುಲುಕದಿರುವುದಕ್ಕೆ. ಆಮೇಲೆ ನೆರಳು, ಕುಡಿಯುವ ನೀರು, ತಂಗುವ ಜಾಗ, ಊಟ. ಏಳನೆಯದು ಜೀವಕ್ಕೆ ಅಪಾಯವಿಲ್ಲದಿರುವುದಕ್ಕೆ. ಅನುಕೂಲ ಹೆಚ್ಚಿದ್ದಷ್ಟೂ ಕಾಳು ಹೆಚ್ಚು, ಒಂದು ಗುಳಿಗೆ ಐದರವರೆಗೆ. ಈ ಕಡೆಯ ದಾರಿಗಳನ್ನು ಬಲ್ಲವಳು ನೀನು, ನೀನೇ ಹಾಕು ಎಂದು ಮಗಳ ಕೈಗೆ ಕಾಳು ಕೊಟ್ಟ.

ಮಗಳು ಹಾಕಿದಳು. ಗುಡ್ಡದ ಸಾಲಿನ ಗುಳಿಗಳಿಗೆ ಒಂದೋ ಎರಡೋ ಬಿದ್ದವು. ಏಳನೆಯದಕ್ಕೆ ಮಾತ್ರ ನಾಲ್ಕು. ಹೊಳೆಯ ಸಾಲಿನಲ್ಲಿ ಆರು ಗುಳಿಗಳು ಬೇಗ ಬೇಗ ತುಂಬಿದವು. ಏಳನೆಯದರ ಹತ್ತಿರ ಅವಳ ಕೈ ನಿಂತಿತು. ಹಿಡಿದ ಕಾಳನ್ನು ಮಡಿಲಿಗೆ ಹಾಕಿಕೊಂಡಳು.

"ಒಂದಾದ್ರೂ ಹಾಕಮ್ಮ," ಎಂದ ತಂದೆ.

"ಕೈ ಬರ್ತಿಲ್ಲಪ್ಪ. ಇಲ್ಲಿ ಬಿಸಿಲು ಕಾಯ್ತಿರುತ್ತೆ, ಮೇಲೆಲ್ಲೋ ಮಳೆ ಆಗಿ ಹೊಳೆ ನುಗ್ಗಿಬಿಡುತ್ತೆ. ಹೋದ ವರ್ಷ ದಾಟೋಕೆ ಹೋದಾಗ ನನ್ನ ಕಣ್ಣೆದುರೇ ಎಮ್ಮೆಗಳು ಕೊಚ್ಚಿಕೊಂಡು ಹೋದ್ವು. ನಂಗೆ ಆ ಹೊಳೆ ಅಂದ್ರೆ ಭಯ."

ಅಳಗುಳಿ ಆಟದಲ್ಲಿ ಕಾಳು ಬಿಡುತ್ತಾ ಹೋಗಿ ಬರಿದಾದ ಗುಳಿ ಎದುರಾದರೆ, ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ಆಡಿದವರ ಪಾಲು. ಅದು ತಂದೆಗೆ ನೆನಪಾಯಿತು.

"ಚಿಕ್ಕೋಳಿದ್ದಾಗ ಬರಿ ಗುಳಿ ಸಿಕ್ಕಿದ್ರೆ ಕುಣಿದಾಡ್ತಿದ್ದೆ. ಈಗ ಹೆದರ್ತೀಯಲ್ಲೇ," ಎಂದು ನಕ್ಕ.

ಮಗಳು ನಗಲಿಲ್ಲ. ಅವನು ಎರಡೂ ಸಾಲುಗಳ ಕಾಳು ಬಾಚಿ ಎರಡು ರಾಶಿ ಮಾಡಿ ಎಣಿಸಿದ. ಹೊಳೆಗೆ ಇಪ್ಪತ್ತೆಂಟು, ಗುಡ್ಡಕ್ಕೆ ಹದಿನಾಲ್ಕು. ಇನ್ನೇನು ಬೇಕು ಎಂದುಕೊಂಡ. ಅವನ ಕಸುಬಿನಲ್ಲಿ ಅದೇ ಸರಿ. ತಕ್ಕಡಿಗೆ ಹಾಕಿದ ಮೇಲೆ ಮುರಿದ ಓಲೆಯಲ್ಲಿ ಕಡಿಮೆಯಾದದ್ದನ್ನು ಗಟ್ಟಿ ಬಳೆ ತುಂಬಿಕೊಡುತ್ತದೆ. ರಾಶಿಯೂ ಹಾಗೆಯೇ. ಅದರಲ್ಲಿ ಬರಿದಾದ ಗುಳಿ ಕಾಣುವುದಿಲ್ಲ.

ಮರುದಿನ ಹೊರಟರು. ದಾರಿ ಸಮವಾಗಿತ್ತು. ಹೊಂಗೆಯ ಸಾಲಿನ ನೆರಳಿತ್ತು. ಬಾವಿಯ ನೀರು ಸಿಹಿಯಾಗಿತ್ತು. ತಂಗಿದ ಮನೆಯವರು ಬಸುರಿಗೆಂದು ಬಿಸಿ ಅನ್ನ ಮಾಡಿ ಬಡಿಸಿದರು. ಹಾಕಿದ ಒಂದು ಕಾಳೂ ಸುಳ್ಳಾಗಲಿಲ್ಲ. ಅಕ್ಕಸಾಲಿಗ ದಾರಿಯುದ್ದಕ್ಕೂ ಅದನ್ನೇ ಮಗಳಿಗೆ ತೋರಿಸುತ್ತಾ ಬಂದ. ಮಗಳು ಹೂಂಗುಟ್ಟಿದಳು. ಹೊಳೆ ಹತ್ತಿರವಾದಂತೆ ಅವಳು ತಂದೆಯ ಬೆನ್ನಿಗೆ ಒತ್ತಿ ಕುಳಿತಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ತಂದೆಯ ಹೆಗಲ ವಸ್ತ್ರ ಹಿಡಿದಿತ್ತು.

ಮಟಮಟ ಮಧ್ಯಾಹ್ನ ಗಾಡಿ ನೀರಿಗಿಳಿಯಿತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ನಡುಹೊಳೆಯಲ್ಲಿ ಎತ್ತುಗಳು ತಟ್ಟನೆ ನಿಂತವು. ಕಿವಿ ನಿಮಿರಿಸಿದವು. ಹೊಡೆದರೂ ಹೆಜ್ಜೆ ಕೀಳಲಿಲ್ಲ. ಅಕ್ಕಸಾಲಿಗ ಕೆಳಗೆ ನೋಡಿದ. ತಿಳಿಯಾಗಿದ್ದ ನೀರು ಕೆಂಪಾಗುತ್ತಿತ್ತು. ತರಗೆಲೆಗಳು ತೇಲಿ ಬಂದವು. ಅವನಿಗೆ ಆಗ ಹೆದರಿಕೆಯಾಯಿತು, ಜೀವನದಲ್ಲಿ ಎಂದೂ ಆಗದಷ್ಟು ಹೆದರಿಕೆ. ಹಿಂದಿನ ದಡ ಎಷ್ಟು ದೂರವೋ ಮುಂದಿನದೂ ಅಷ್ಟೇ ದೂರ. ಮೇಲಿನಿಂದ ನೂರು ಗಾಡಿಗಳು ಒಟ್ಟಿಗೆ ಬರುವಂಥ ಸದ್ದು ಕೇಳಿಸಿತು. ಮಗಳು "ಅಪ್ಪಾ" ಎಂದಳು. ಅಷ್ಟೇ.

ನೆರಳು ದಡದವರೆಗೆ ಬಂದಿತ್ತು. ಸಮದಾರಿ, ಸಿಹಿನೀರು, ಬಿಸಿ ಅನ್ನ ಎಲ್ಲವೂ ದಡದವರೆಗೆ ಬಂದಿದ್ದವು. ನೀರಿಗೆ ಯಾವುದೂ ಜೊತೆಗೆ ಇಳಿಯಲಿಲ್ಲ.

ಅಕ್ಕಸಾಲಿಗನನ್ನು ಒಂದು ಹರದಾರಿ ಕೆಳಗೆ ಮೀನು ಹಿಡಿಯುವವರು ಎಳೆದುಕೊಂಡರು. ಮಗಳು ಸಿಗಲಿಲ್ಲ. ಸುದ್ದಿ ಹೇಳಲು ಅವನೇ ಬೀಗರ ಮನೆಗೆ ಹೋಗಬೇಕಾಯಿತು. ಜಗಲಿಯ ಮೇಲೆ ಮಣೆಯೂ ಎರಡು ರಾಶಿಗಳೂ ಹಾಗೆಯೇ ಇದ್ದವು. ಸೊಸೆ ಬಾಣಂತನ ಮುಗಿಸಿಕೊಂಡು ಬಂದು ತಾನೇ ಎತ್ತಿಡಲಿ ಎಂದು ಬೀಗಿತ್ತಿ ಮುಟ್ಟಿರಲಿಲ್ಲ. ಅವನು ಮಣೆಯ ಮುಂದೆ ಕುಳಿತ. ದೊಡ್ಡ ರಾಶಿಯಿಂದ ಒಂದೊಂದೇ ಕಾಳು ತೆಗೆದು ಏಳನೆಯ ಗುಳಿಗೆ ಹಾಕತೊಡಗಿದ. ಗುಳಿ ತುಂಬಿತು. ತುಂಬಿದ ಮೇಲೂ ಹಾಕುತ್ತಲೇ ಇದ್ದ. ಕಾಳುಗಳು ಜಗಲಿಯಿಂದ ಉರುಳಿ ಅಂಗಳಕ್ಕೆ ಬಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಹಾಳೆಯನ್ನು ಮಡಿಸಿದ, ಮತ್ತೆ ಬಿಡಿಸಿದ.

"ಹಾಗಾದರೆ ಕೂಡಿಸಲೇಬಾರದೇ, ಗುರುಗಳೇ?"

"ಕೂಡಿಸು, ಯಾರು ಬೇಡವೆಂದರು? ಆದರೆ ಬೆಳಿಗ್ಗೆ ಆ ಮೊದಲನೆಯವರು ಅಂಗಳಕ್ಕೆ ಕಾಲಿಟ್ಟಾಗ ಮಕ್ಕಳೆಲ್ಲ ಕಂಬದ ಹಿಂದೆ ಸರಿದದ್ದನ್ನು ನೀನೂ ನೋಡಿದೆಯಲ್ಲ, ಅದನ್ನು ಈ ಹಾಳೆಯಲ್ಲಿ ಎಲ್ಲಿ ಬರೆದಿದ್ದೀಯೆ?"