ದಪ್ಪ ಸರಳಿನ ಒಗ್ಗಟ್ಟು

ತಿರುವಿನಲ್ಲಿ ಕಾರು ತುಂಬ ವಾಲುತ್ತದೆಂದು ಗವಿಯಪ್ಪ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳನ್ನು ತೆಗೆಸಿ ದಪ್ಪನೆಯದೊಂದನ್ನು ಹಾಕಿಸಿದ. ಘಾಟಿಯಲ್ಲಿ ಕಾರು ವಾಲದೆ ಓಡಿತು. ಹಿಂದೆ ಕೂತಿದ್ದ ಅತ್ತೆಯ ಮಡಿಲಿನಲ್ಲಿದ್ದ ಹುಳಿಯ ಪಾತ್ರೆ ತುಳುಕಲಿಲ್ಲ.

"ನೋಡಿದಿರಾ? ಇನ್ನು ನೀವಿಬ್ಬರೂ ಒಂದೇ," ಎಂದಿತು ದಪ್ಪ ಸರಳು.

"ತಮ್ಮ ದಯೆ, ಸ್ವಾಮಿ," ಎಂದವು ಚಕ್ರಗಳು.

ಘಾಟಿ ಇಳಿದರೆ ಊರು, ಊರ ಬಾಗಿಲಲ್ಲೇ ರಸ್ತೆಗಡ್ಡ ಉಬ್ಬಿದ ಹಂಪು. ಗವಿಯಪ್ಪ ಎಲ್ಲರಂತೆ ಎಡಚಕ್ರವನ್ನು ಹಂಪಿನ ಪಕ್ಕದ ಸಂದಿಯಲ್ಲಿ ನುಸುಳಿಸಿ, ಬಲಚಕ್ರವನ್ನಷ್ಟೇ ಹತ್ತಿಸಿದ. ಸಂದಿಯಲ್ಲಿದ್ದ ಎಡಚಕ್ರವೂ ಎಗರಿತು. ಕಾರು ಅಡ್ಡಡ್ಡ ಕುಲುಕಿ, ಹುಳಿಯೆಲ್ಲ ಅತ್ತೆಯ ಸೀರೆಯ ಮೇಲೆ ಚೆಲ್ಲಿತು.

"ನಾನು ಹಂಪನ್ನು ಮುಟ್ಟಲೇ ಇಲ್ಲ. ನನ್ನನ್ನೇಕೆ ಮೇಲಕ್ಕೆಳೆದಿರಿ?" ಎಂದಿತು ಎಡಚಕ್ರ.

"ಅಣ್ಣ ಎಗರುವಾಗ ತಮ್ಮ ಸುಮ್ಮನಿರುವುದೇ? ಒಗ್ಗಟ್ಟೆಂದರೆ ಇದೇ!"

"ವಾಲಿದಾಗ ಕೈ ಹಿಡಿಯಿರಿ ಎಂದೆವು, ಸ್ವಾಮಿ. ನಡೆಯುವಾಗಲೂ ಕಟ್ಟಿಹಾಕಿ ಎಂದೆವೇ?"

ಹಿಂದಿನಿಂದ ಅತ್ತೆ ಸೆರಗು ಹಿಂಡುತ್ತ ಕೇಳಿದರು:

"ಅಳಿಯಂದ್ರೇ, ಆ ಹಳೇ ಸರಳನ್ನ ಬಿಸಾಕಿಲ್ಲ ತಾನೇ?"