ಹರಿದ ಬನ್ನು

ತೈವಾನಿನ ಒಂದು ನದಿಯ ದಂಡೆಯಲ್ಲಿ ಆಶ್ರಮವೊಂದಿತ್ತು. ವರ್ಷದ ಕೊನೆಯ ಊಟಕ್ಕೆ ಅಲ್ಲಿ ಗುವಾ ಬಾವ್ ಇರಲೇಬೇಕು. ತಟ್ಟಿದ ಹಿಟ್ಟನ್ನು ನಡುವೆ ಮಡಚಿ ಹಬೆಯಲ್ಲಿ ಬೇಯಿಸಿದ ಬನ್ನು ಅದು. ಬಾಯಿ ಬಿಡಿಸಿ ಒಳಗೆ ಪಲ್ಯ ತುಂಬಿ, ಮೇಲೆ ಕಡಲೆಕಾಯಿ ಪುಡಿ ಉದುರಿಸುತ್ತಾರೆ. ಬೀದಿಯ ಅಂಗಡಿಗಳಲ್ಲಿ ಮಾಂಸ ಇಡುತ್ತಾರೆ. ಆಶ್ರಮದಲ್ಲಿ ಅಣಬೆ.

ಆ ವರ್ಷ ಬನ್ನಿನ ಕೆಲಸ ಶಿಷ್ಯ ಮಿಂಗ್ತೆಯ ಪಾಲಿಗೆ ಬಂತು. ಕೆಲಸದಲ್ಲಿ ಗಟ್ಟಿಗ, ಹಠದಲ್ಲಿ ಅದಕ್ಕಿಂತ ಗಟ್ಟಿಗ.

ಬನ್ನು ಬೇಯುತ್ತಿದ್ದಾಗ ಗುರುಗಳು ಅಡುಗೆಮನೆಗೆ ಬಂದರು.

“ಬಾಗಿಲಲ್ಲಿ ನಿನ್ನಣ್ಣ ನಿಂತಿದ್ದಾನೆ.”

“ಪ್ರತಿ ವರ್ಷದ ಹಾಗೆ ಈಗಲೂ ವಾಪಸ್ ಕಳಿಸಿಬಿಡಿ ಗುರುಗಳೇ. ಅಮ್ಮ ತೀರಿಕೊಂಡಾಗ ಸುದ್ದಿ ಕೂಡ ಕಳಿಸದವನು. ನಾನೇನೂ ಜಗಳಕ್ಕೆ ಹೋಗಲಿಲ್ಲ. ಸಿಟ್ಟನ್ನು ಮಡಚಿ ಒಳಗಿಟ್ಟೆ, ಅಷ್ಟೇ.”

“ಇನ್ನು ಮುಂದೆ ಬರೋದಿಲ್ಲವಂತೆ. ದೋಣಿ ಹೊರಡೋವರೆಗೆ ಕಾಯ್ತಾನಂತೆ.”

ಮಿಂಗ್ತೆ ಪಾತ್ರೆಯ ಮುಚ್ಚಳ ತೆಗೆದ.

ಬನ್ನುಗಳು ಬೆಳ್ಳಗೆ ಉಬ್ಬಿದ್ದವು. ಆದರೆ ಒಂದರ ಬಾಯಿಯೂ ಬಿಟ್ಟಿರಲಿಲ್ಲ.

“ಮಡಚೋ ಮುಂಚೆ ಒಳಗೆ ಎಣ್ಣೆ ಸವರಿದ್ಯಾ?”

“ಇಲ್ಲ ಗುರುಗಳೇ. ಪಲ್ಯ ಚೆಲ್ಲಬಾರದು ಅಂತ ಬಾಯಿ ಒತ್ತಿ ಮುಚ್ಚಿದೆ.”

ಗುರುಗಳಿಗೆ ನಗು ತಡೆಯಲಾಗಲಿಲ್ಲ. “ಪಲ್ಯ ಇನ್ನೂ ಬಾಣಲೆಯಲ್ಲಿದೆ. ಆಗಲೇ ಚೆಲ್ಲೋ ಚಿಂತೆ ನಿಂಗೆ!”

“ಈಗೇನು ಮಾಡಲಿ?”

“ಬಿಸಿ ಇರುವಾಗಲೇ ಬಿಡಿಸು. ಆರಿದ ಮೇಲೆ ಪುಡಿಯಾಗುತ್ತೆ.”

ಮಿಂಗ್ತೆ ಬೆರಳು ಒದ್ದೆ ಮಾಡಿಕೊಂಡು ಒಂದು ಬನ್ನು ಎತ್ತಿಕೊಂಡ. ಕೈ ಚುರುಗುಟ್ಟಿತು. ಚಿಕ್ಕವನಿದ್ದಾಗ ಹೀಗೆ ಕೈ ಸುಟ್ಟುಕೊಂಡರೆ ಅಣ್ಣನೇ ಬನ್ನು ಇಸಿದುಕೊಂಡು ಊದಿ ಊದಿ ಕೊಡುತ್ತಿದ್ದ. ನೆನಪಾಗಿ ಕಣ್ಣು ತುಂಬಿತು. ಬೇಡವೆಂದರೂ ಅಣ್ಣನ ಮೇಲೆ ಪ್ರೀತಿ ಉಕ್ಕಿ ಬಂತು.

ಬನ್ನು ಬಿಟ್ಟುಕೊಂಡಿತು, ಆದರೆ ಒಂದು ಅಂಚು ಹರಿದು ಕೈಗೇ ಬಂತು.

ಆ ಬನ್ನನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತ.

“ಗುರುಗಳೇ, ಹರಿದುಹೋಗಿದೆ. ಇಂಥದ್ದನ್ನು ಅಣ್ಣನಿಗೆ ಹೇಗೆ ಕೊಡಲಿ?”

ಗುರುಗಳು ಬಾಣಲೆಯಿಂದ ಬಿಸಿ ಪಲ್ಯ ತಂದು ಆ ಬನ್ನಿನೊಳಗೆ ತುಂಬಿದರು. ಮೇಲೆ ಕಡಲೆಕಾಯಿ ಪುಡಿ ಉದುರಿಸಿದರು.

“ಹರಿದರೇನಪ್ಪ, ಪಲ್ಯ ನಿಂತಿದೆಯಲ್ಲ. ನಡಿ, ಆರಿಹೋಗುತ್ತೆ.”